ಹೆಡ್ ಮಾಸ್ತರರ ಹಲ್ಲಿಗೆ ಸಿಕ್ಕ ರುಮಾಲು

ಬೀದರಿನ ಚಿದ್ರಿಯಲ್ಲಿರುವ ನಮ್ಮ ಮನೆಯ ಗೋಡೆಯ ಮೇಲೆ ನನ್ನ ಬೀಳ್ಕೊಡುಗೆಯ ದಿನ ತೆಗೆದ ಒಂದು ಫೋಟೋ ತೂಗುತ್ತಿದೆ. ಹೆಗಲಿಗೆ ಶಾಲು, ಕೊರಳಿಗೆ ಹಾರ, ತಲೆಗೆ ಕೇಸರಿ ಪೇಟ. ಎಲ್ಲ ರಾಜಾ ಠೀವಿ. ಆದರೆ ಪೇಟದ ಮೇಲೆ ಯಾರದೋ ಒಂದು ಕೈ ಬಂದಿದೆ. ಕೈ ಮಾತ್ರ. ಉಳಿದ ಮನುಷ್ಯ ಫೋಟೋದ ಹೊರಗೆ.

ಮನೆಗೆ ಬಂದವರೆಲ್ಲ ಆ ಕೈ ಯಾರದೆಂದು ಕೇಳುತ್ತಾರೆ. ನಾನು ಒಬ್ಬೊಬ್ಬರಿಗೆ ಒಂದೊಂದು ಸುಳ್ಳು ಹೇಳಿದ್ದೇನೆ. ಪಕ್ಕದ ಮನೆಯವರಿಗೆ, ಸಾಹೇಬರು ನನ್ನ ತಲೆ ಸವರಿ ಆಶೀರ್ವಾದ ಮಾಡುತ್ತಿದ್ದಾರೆ ಎಂದೆ. ಚಹಾದಂಗಡಿಯವನಿಗೆ, ಪೇಟ ಬಾಡಿಗೆಯದು, ನಾನು ಓಡಿಹೋಗುವ ಮೊದಲೇ ಅಂಗಡಿಯವ ಕಿತ್ತುಕೊಳ್ಳಲು ಬಂದಿದ್ದ ಎಂದೆ. ಅವನು ಪೂರ್ತಿ ನಂಬಿದ. ನಿಜ ಹೇಳಬೇಕೆಂದರೆ ನಾನು ಮಾಡಿದ ಕೆಲಸದ ಕಥೆಯನ್ನೇ ಹೇಳಬೇಕು. ಈಗ ಹೊಸದಾಗಿ ಈ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರು ಓದಲಿ ಎಂದೇ ಬರೆಯುತ್ತಿದ್ದೇನೆ. ಉಳಿದವರು ಓದಿದರೆ ನನ್ನದೇನೂ ಅಡ್ಡಿಯಿಲ್ಲ.

ನಾನು ವಿಶೇಷ ಶಿಕ್ಷಕನಾಗಿದ್ದೆ. ಕಣ್ಣು, ಕಿವಿ, ಕೈಕಾಲಿನ ತೊಂದರೆ ಇರುವ ಮಕ್ಕಳು, ನಿಧಾನವಾಗಿ ಕಲಿಯುವ ಮಕ್ಕಳು, ಇವರ ಶಾಲೆಗೂ ಮನೆಗೂ ತಿರುಗುವ ಕೆಲಸ. ಮೊದಲು ಭಾಲ್ಕಿ ತಾಲೂಕು, ಆಮೇಲೆ ಔರಾದ. ನನ್ನ ಚೀಲದಲ್ಲಿ ಒಂದು ಕನ್ನಡಿ, ಗೆಜ್ಜೆ, ಚಿತ್ರದ ಕಾರ್ಡು, ಬೀಗ ಮತ್ತು ಕೀಲಿಕೈ, ಒಂದು ಬಿಸ್ಕಿಟ್ ಪುಡಿಕೆ. ಬಿಸ್ಕಿಟ್ ಮಕ್ಕಳಿಗೆಂದು ಲೆಕ್ಕದಲ್ಲಿ ಬರೆಯುತ್ತಿದ್ದೆ, ತಿನ್ನುತ್ತಿದ್ದವನು ನಾನು. ಬಡ್ತಿಯ ವಿಚಾರ ಕೇಳಬೇಡಿ. ನನಗೆ ಸಿಕ್ಕಿದ್ದು ಒಂದೇ ಬಡ್ತಿ, ಸೈಕಲ್ಲಿನಿಂದ ಮೋಟರ್ ಸೈಕಲ್ಲಿಗೆ. ಅದೂ ನನ್ನ ಸ್ವಂತ ರೊಕ್ಕದಲ್ಲಿ.

ಆದರೆ ಒಂದು ಮಾತು ಬರೆದಿಟ್ಟುಕೊಳ್ಳಿ. ಬೀದರ ಜಿಲ್ಲೆಯಲ್ಲಿ ಡೌನ್ ಸಿಂಡ್ರೋಮ್ ಅಂದರೇನು ಅಂತ ಜನರಿಗೆ ತಿಳಿಯುವ ಹಾಗೆ ಹೇಳುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಬೇರೆ ಯಾರೂ ಈ ಮಾತನ್ನು ಹೇಳದಿರುವುದರಿಂದ ನಾನೇ ಹೇಳುತ್ತಿದ್ದೇನೆ.

ಮೊದಮೊದಲು ಮಾತ್ರ ನನ್ನಷ್ಟು ಕೆಟ್ಟದಾಗಿ ಹೇಳುವವರೂ ಇರಲಿಲ್ಲ. ಈ ಕೆಲಸದಲ್ಲಿ ಮಗುವಿಗೆ ಕಲಿಸುವುದು ಸುಲಭ. ಮಗುವಿನ ಸುತ್ತ ಇರುವವರಿಗೆ ಹೇಳುವುದೇ ಕಷ್ಟ. ತರಬೇತಿಯಲ್ಲಿ ನಮಗೊಂದು ದೊಡ್ಡ ಚಾರ್ಟು ಕೊಟ್ಟಿದ್ದರು. ದೇಹದ ಜೀವಕೋಶಗಳ ಒಳಗಿರುವ ವರ್ಣತಂತುಗಳ ಚಿತ್ರ. ಎಲ್ಲವೂ ಜೋಡಿ ಜೋಡಿ, ಇಪ್ಪತ್ತೊಂದನೆಯ ಜೋಡಿಯಲ್ಲಿ ಮಾತ್ರ ಒಂದು ಹೆಚ್ಚು. ಆ ಹೆಚ್ಚಿನ ಒಂದೇ ಡೌನ್ ಸಿಂಡ್ರೋಮ್. ಅದನ್ನು ಸುರುಳಿ ಸುತ್ತಿಕೊಂಡು ಭಾತಂಬ್ರಾ ಊರಿನ ಒಂದು ಮನೆಗೆ ಹೋದೆ. ಗೋಡೆಗೆ ತೂಗುಹಾಕಿ ಕೋಲು ಹಿಡಿದು ವಿವರಿಸಿದೆ. ಮನೆಯ ಅಜ್ಜಿ ಚಾರ್ಟಿನ ಹತ್ತಿರ ಮೂಗು ತಂದು ನೋಡಿದಳು.

"ಇಷ್ಟೂ ಹುಳ ನನ್ ಮೊಮ್ಮಗನ ಹೊಟ್ಟ್ಯಾಗ ಅವೇನ್ರಿ?"

"ಹುಳ ಅಲ್ಲ ಯವ್ವಾ, ಅವು..."

"ಜಂತಿನ ಗುಳಿಗಿ ಕೊಡ್ರಿ ಮದ್ಲ. ಚಾರ್ಟ ಆಮ್ಯಾಲ ನೋಡೋಣು."

ಚಾರ್ಟು ಬಿಟ್ಟೆ. ಒಕ್ಕಲುತನದ ಜನ, ಅವರ ಮಾತಿನಲ್ಲೇ ಹೇಳೋಣವೆಂದು ಮರುವಾರ ಹೋಲಿಕೆ ಹಿಡಿದೆ. ಬಿತ್ತುವಾಗ ಒಂದು ಕಡೆ ಒಂದು ಕಾಳು ಹೆಚ್ಚಿಗೆ ಬೀಳುತ್ತದಲ್ಲ, ಹಾಗೆ ಇದು, ಯಾರ ತಪ್ಪೂ ಅಲ್ಲ ಎಂದೆ. ಅಜ್ಜಿಗೆ ಪಟ್ಟನೆ ತಿಳಿಯಿತು. ನನ್ನೆದೆ ಉಬ್ಬಿತು.

"ಹಂಗಾದ್ರ ಸುಲಭ ಅದ ಬಿಡ್ರಿ. ಒಂದೇ ಕಡಿ ಎರಡು ಸಸಿ ಬಂದ್ರ ನಾವು ಒಂದು ಕಿತ್ತು ಒಗಿತೀವಿ. ನಿಮ್ ಡಾಕ್ಟರ್ ಯಾವಾಗ ಕೀಳ್ತಾರ?"

ನಾನೂ ಸೋಲುವವನಲ್ಲ. ಹೆಸರುಕಾಳು ಬೇಗ ಬರುತ್ತದೆ, ತೊಗರಿ ತಡವಾಗಿ ಬರುತ್ತದೆ, ಈ ಹುಡುಗ ತೊಗರಿಯ ಹಾಗೆ ಎಂದೆ. ಮೂಲೆಯಲ್ಲಿ ಕೂತ ಮನೆಯ ಯಜಮಾನ ಬೀಡಿ ಆರಿಸಿ ಕೇಳಿದ, "ತೊಗರಿ ತಡಾ ಆದ್ರೂ ಸಂಕ್ರಾಂತಿ ಅನ್ನೂದ್ರಾಗ ರಾಶಿ ಆಗ್ತದ. ಇಂವಾ ಯಾವಾಗ ರಾಶಿ ಆಗ್ತಾನ್ರಿ?"

ಅವತ್ತೇ ತೀರ್ಮಾನಿಸಿದೆ. ಒಕ್ಕಲಿಗರ ಮುಂದೆ ಬೆಳೆಯ ಹೋಲಿಕೆ ಕೊಡಬಾರದು. ನಮಗಿಂತ ಅವರು ಬೆಳೆಯನ್ನು ಹೆಚ್ಚು ಕಂಡಿರುತ್ತಾರೆ, ಹೋಲಿಕೆಯ ಬಾಲ ಹಿಡಿದು ನಮ್ಮನ್ನೇ ಎಳೆದಾಡುತ್ತಾರೆ. ಅಲ್ಲಿಂದ ಮುಂದೆ ನಾನು ಹೇಳುವುದನ್ನು ಬಿಟ್ಟು ಚಾಷ್ಟಿ, ಅಂದರೆ ಚೇಷ್ಟೆ, ಮಾಡಲು ಶುರುಮಾಡಿದೆ. ಕೇಳುವವನನ್ನೇ ಒಂದು ಗಳಿಗೆ ಆ ಮಗುವಿನ ಜಾಗದಲ್ಲಿ ಕೂರಿಸುವುದು. ಕೈಗೆ ದಪ್ಪ ಕಾಲುಚೀಲ ತೊಡಿಸಿ ಗುಂಡಿ ಹಾಕಿಸುವುದು, ಕಿವಿಗೆ ಹತ್ತಿ ತುರುಕಿ, ಕೇಳಿಸಲಿಲ್ಲವೇ ಎಂದು ಬೈಯುವುದು. ಸಾಹೇಬರೊಬ್ಬರು ತಪಾಸಣೆಗೆ ಬಂದಾಗ ಅವರ ಕೈಗೂ ಕಾಲುಚೀಲ ತೊಡಿಸಿದೆ. ಅಂಗಿಯ ಗುಂಡಿ ಬಿಚ್ಚಿತು, ಹಾಕಲು ಬರಲಿಲ್ಲ. ಎದೆ ಬಿಟ್ಟುಕೊಂಡೇ ಅವರು ನನಗೆ, "ನೀವು ಬಾಳ ಹುಡುಗಾಟ ಮಾಡ್ತೀರಿ" ಎಂದು ಗದರಿದರು. ಈಗಿನ ಸಾಹೇಬರು ಬಾರದೇ ಫೋನಿನಲ್ಲೇ ಫೋಟೋ ಕೇಳುತ್ತಾರೆ. ಪಾಠ ಮಾಡಿದ್ದಕ್ಕೆ ಫೋಟೋ, ಮನೆಗೆ ಹೋದದ್ದಕ್ಕೆ ಫೋಟೋ. ಒಮ್ಮೆ ಒಂದು ಆಡಿನ ಫೋಟೋ ಕಳಿಸಿ ನೋಡಿದೆ. ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹೆಬ್ಬೆರಳು ಎತ್ತಿದರು.

ನನ್ನ ಚಾಷ್ಟಿಗಳ ದೊರೆ ಅಂದರೆ ಜಗದೇವಿ ಎಂಬ ಹುಡುಗಿಯ ಊರ ಶಾಲೆಯಲ್ಲಿ ಮಾಡಿದ್ದು. ಅವಳದು ಔರಾದ ತಾಲೂಕಿನ ಒಂದು ಸಣ್ಣ ಊರು. ಠಾಣಾ ಕುಶನೂರಿನಲ್ಲಿ ಬಸ್ಸಿಳಿದು ಒಳಗೆ ಹೋಗಬೇಕು. ಊರ ಅಂಚಿನಲ್ಲಿ ಕುರಿಹಟ್ಟಿ, ಅದರ ಪಕ್ಕ ಮನೆ. ಮನೆಯಲ್ಲಿ ಜಗದೇವಿ, ಅವಳ ತಾಯಿ ಸುಮಿತ್ರಾ, ಮುತ್ಯಾ ಅಂದರೆ ಅಜ್ಜ ಮಾಳಪ್ಪ. ತಂದೆ ಕುರಿಯ ಹಿಂದೆ ಅಡವಿಯಲ್ಲೇ ಹೆಚ್ಚು ಇರುತ್ತಿದ್ದ. ಜಗದೇವಿಗೆ ಆಗ ಎಂಟು ವರ್ಷ. ಗುಂಡು ಮುಖ, ಮೇಲಕ್ಕೆ ಓರೆಯಾದ ಸಣ್ಣ ಕಣ್ಣು, ನಕ್ಕರೆ ಕಣ್ಣು ಕಾಣಿಸುವುದೇ ಇಲ್ಲ. ಮೊದಲ ದಿನವೇ ನನ್ನ ಒಂದು ಚಪ್ಪಲಿ ಮಾಯವಾಯಿತು. ಹುಡುಕಿ ಹುಡುಕಿ ಬೆವರಿದಾಗ ಅದು ಹಿಟ್ಟಿನ ಡಬ್ಬಿಯ ಹಿಂದಿನಿಂದ ಬಂತು, ಜೊತೆಗೆ ಅವಳ ನಗೆಯೂ. ಅಂತೂ ಜಿಲ್ಲೆಯಲ್ಲಿ ನನಗೆ ಜೋಡಿ ಸಿಕ್ಕಿತು ಅಂದುಕೊಂಡೆ.

ಅವಳಿಗೆ ಬಣ್ಣಗಳ ಹೆಸರು ಕಲಿಸಲು ಹೋದೆ. ಕೆಂಪು ಅನ್ನು, ಹಸಿರು ಅನ್ನು. ವಾರಗಟ್ಟಲೆ ಬಾಯಿಪಾಠ. ಒಂದೂ ಉಳಿಯಲಿಲ್ಲ. ಒಂದು ದಿನ ಬಾಗಿಲಲ್ಲಿ ನಿಂತು ನೋಡುತ್ತೇನೆ, ಅವಳು ಅಂಗಳದಲ್ಲಿ ಚೀಲವೊಂದನ್ನು ಹೆಗಲಿಗೆ ಹಾಕಿ ನಡೆಯುತ್ತಿದ್ದಾಳೆ. ಹೊಟ್ಟೆ ಮುಂದೆ, ಬಲಗಾಲು ಸ್ವಲ್ಪ ಎಳೆಯುವುದು, ನಡುವೆ ನಿಂತು ಕಿವಿಯಲ್ಲಿ ಕೀಲಿಕೈ ಹಾಕಿ ತಿರುವುವುದು. ಅದು ನಾನೇ! ಸುಮಿತ್ರಾ ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದಳು. ನಾನು ಕಲಿಸಿದ್ದನ್ನು ಬಿಟ್ಟು ನಾನು ಕಲಿಸದ್ದನ್ನೆಲ್ಲ ಆ ಹುಡುಗಿ ಕಲಿತಿದ್ದಳು. ಕಿವಿಯಿಂದ ಹೋದದ್ದು ನಿಲ್ಲುತ್ತಿರಲಿಲ್ಲ, ಕಣ್ಣಿನಿಂದ ಹೋದದ್ದು ಅಳಿಯುತ್ತಿರಲಿಲ್ಲ. ಮುಂದಿನ ವಾರದಿಂದ ಬಾಯಿಪಾಠ ಬಂದ್. ಕೆಂಪು ದಾರ ಕೆಂಪು ಡಬ್ಬಿಗೆ, ಹಸಿರು ದಾರ ಹಸಿರು ಡಬ್ಬಿಗೆ, ಮೊದಲು ನಾನು ಹಾಕಿ ತೋರಿಸುವುದು, ಆಮೇಲೆ ಅವಳು. ಬಣ್ಣ ಬಂದವು. ಹೆಸರು ಆಮೇಲೆ ನಿಧಾನವಾಗಿ ಹಿಂದೆ ಬಂದವು, ಕುರಿಯ ಹಿಂದೆ ಮರಿ ಬಂದ ಹಾಗೆ.

ಒಮ್ಮೆ ಸುಮಿತ್ರಾ ಚಹಾ ಕೊಡುತ್ತ, ತಲೆ ಎತ್ತದೆ ಕೇಳಿದಳು. "ಸರ್, ಗ್ರಹಣದ ದಿನ ನಾ ಬದನಿಕಾಯಿ ಹೆಚ್ಚಿದ್ದೆ. ಅದಕ್ಕೇ ಹಿಂಗಾಯ್ತು ಅಂತಾರ ಎಲ್ಲಾರೂ. ಖರೇ ಏನ್ರಿ?"

ಆ ದಿನ ಮಾತ್ರ ನಾನು ಚಾಷ್ಟಿ ಮಾಡಲಿಲ್ಲ. "ಅಲ್ಲ ತಂಗೀ. ನೀ ಏನೂ ಮಾಡಿಲ್ಲ. ಯಾರೂ ಏನೂ ಮಾಡಿಲ್ಲ. ಇದು ರೋಗಾನೂ ಅಲ್ಲ, ಶಾಪಾನೂ ಅಲ್ಲ. ಆಕಿ ಹುಟ್ಟಿದ್ದೇ ಹಿಂಗ. ಕಲಿತಾಳ, ಜರಾ ತಡಾ ಆಗ್ತದ, ಅಷ್ಟ."

"ಹಂಗಾದ್ರ ಸಾಲಿಗಿ ಹಾಕಿಸಿ ಕೊಡ್ರಿ. ಉಳದ ಪೋರಗೋಳ ಸಂಗಟ ಕುಂತು ಬರಲಿ. ಇಲ್ಲಿ ಕುರಿಗೋಳ ಮುಖ ಬಿಟ್ರ ನನ್ ಮುಖ ನೋಡ್ತಾಳ, ಅಷ್ಟ."

ಅವಳು ನನ್ನಲ್ಲಿ ಕೇಳಿದ್ದು ಅದೊಂದೇ.

ಶಾಲೆಯ ಹೆಡ್ ಮಾಸ್ತರ್ ಗುಂಡಪ್ಪನವರು ಕೆಟ್ಟ ಮನುಷ್ಯರಲ್ಲ. ಭಾಲ್ಕಿ ಕಡೆಯ ಒಕ್ಕಲು ಮನೆತನ. ಇಸ್ತ್ರಿ ಅಂಗಿ, ಅವಸರದ ಬಾಯಿ. ಜಗದೇವಿಯ ಹೆಸರು ಹಾಜರಿಯಲ್ಲಿರಲಿ, ಅವಳು ಮನೆಯಲ್ಲಿರಲಿ ಎಂಬುದು ಅವರ ವಾದ.

"ನೀವು ವಾರಕ್ಕೊಮ್ಮಿ ಆಕಿ ಮನಿಗೇ ಹೋಗ್ತೀರಲ್ರಿ ಸರ್. ಸಾಕಲ್ಲ? ಒಂದೇ ಕೋಣಿ, ಮೂರು ವರ್ಗ, ನಾ ಒಬ್ಬಾಂವ. ನೋಡ್ರಿ ಬೇಕಾದ್ರ." ಹೀಗೆಂದು ಅವರು ನನ್ನ ಜೊತೆ ಬಂದಿದ್ದ ಜಗದೇವಿಯ ಕಡೆ ತಿರುಗಿ, "ನಿನ್ ಹೆಸರೇನು? ಹ್ಞಾಂ? ಹೇಳಂಗಿಲ್ಲ ನೋಡ್ರಿ. ನಿಮ್ಮಪ್ಪನ ಹೆಸರೇನು? ಅದೂ ಇಲ್ಲ. ತನ್ ಹೆಸರ ತನಗ ಗೊತ್ತಿಲ್ಲ, ಏನ್ ಕಲಿಸ್ಬೇಕ್ರಿ ಈಕಿಗಿ?" ಎಂದರು.

ಅವಳು ಬಾಯಿ ತೆರೆಯುವಷ್ಟರಲ್ಲಿ ಅವರು ಎರಡನೆಯ ಪ್ರಶ್ನೆಗೆ ಹೋಗಿರುತ್ತಿದ್ದರು. ಕಡೆಗೆ ಪಾಲಕರ ಮೀಟಿಂಗಿನಲ್ಲಿ ನಾಲ್ಕು ಮಂದಿ ಏನನ್ನುತ್ತಾರೋ ಹಾಗೆ ಮಾಡೋಣ ಎಂದಾಯಿತು.

ಮೀಟಿಂಗಿನ ದಿನ ಬೇವಿನ ಗಿಡದ ಕೆಳಗೆ ಜಮಖಾನೆ ಹಾಸಿದ್ದರು. ಸುಮಿತ್ರಾ ಮಗಳಿಗೆ ಹೊಸ ರಿಬ್ಬನ್ ಕಟ್ಟಿ ಕರೆತಂದಿದ್ದಳು. ಮಾಳಪ್ಪ ಮುತ್ಯಾ ತಲೆಗೆ ಕೆಂಪು ರುಮಾಲು ಸುತ್ತಿ, ಕೋಲೂರಿ ಕೂತಿದ್ದ. ಮಾತು ಶುರುವಾಗುತ್ತಲೇ ಒಬ್ಬ ತಾಯಿ ಎದ್ದು ನಿಂತಳು.

"ಆಕಿ ಸಂಗಟ ಕುಂತ್ರ ನಮ್ ಪೋರಗೋಳೂ ಹಂಗೇ ಆಗ್ತಾವಲ್ರಿ?"

"ಯವ್ವಾ, ನಾ ಇಷ್ಟು ದಿನ ಹೆಡ್ ಮಾಸ್ತರ್ ಸಂಗಟ ಕುಂತು ಚಹಾ ಕುಡದೀನಿ. ನಾ ಏನ್ ಶಾಣ್ಯಾ ಆಗೀನೇನು?" ಎಂದೆ ನಾನು.

ಜನ ನಕ್ಕರು. ಗುಂಡಪ್ಪನವರಿಗೆ ಸಿಟ್ಟು ಬಂತು. ಎಲ್ಲರೆದುರು ಜಗದೇವಿಯನ್ನು ನಿಲ್ಲಿಸಿ ಮತ್ತೆ ಅದೇ ಪರೀಕ್ಷೆ. ಹೆಸರೇನು, ಅಪ್ಪನ ಹೆಸರೇನು, ಯಾವೂರು. ಅವಳ ತುಟಿ ಅಲುಗಿತು, ಮಾತು ಬರುವ ಮುಂಚೆ ಅವರು ಜನರ ಕಡೆ ಕೈ ಮಾಡಿ, "ಹೇಳಂಗಿಲ್ಲ ನೋಡ್ರಿ" ಅಂದುಬಿಟ್ಟರು. ಜನರ ತಲೆಗಳು ಅಲ್ಲಾಡಿದವು. ಇದು ಕೈತಪ್ಪಿ ಹೋಗುತ್ತದೆ ಅನ್ನಿಸಿತು. ನಾನು ಎದ್ದೆ.

"ಮಾಸ್ತರ್, ನೀವು ಒಕ್ಕಲಿಗರ ಮನಿ ಮಗ ಹೌದಲ್ರಿ?"

"ಹೌದು. ಏನೀಗ?"

"ರುಮಾಲ ಸುತ್ಲಿಕ್ಕ ಬರ್ತದೇನು?"

"ನಮ್ಮಪ್ಪ ಸುತ್ತತಿದ್ದ. ನನಗ್ಯಾಕ ಬೇಕ್ರಿ ಅದು?"

"ಈಗ ಕಲೀರಿ. ಮಾಳಪ್ಪ ಮುತ್ಯಾ ಬಾಯಿಲೆ ಹೇಳ್ತಾನ. ನೀವು ಆತನ ಕಡಿ ನೋಡಂಗಿಲ್ಲ, ಕೇಳಿ ಸುತ್ತಬೇಕು. ಬಂತಂದ್ರ ನೀವ್ ಹೇಳ್ದಂಗೇ ಆಗಲಿ, ಜಗದೇವಿ ಮನ್ಯಾಗೇ ಇರಲಿ. ಬರ್ಲಿಲ್ಲಂದ್ರ ನಾಳಿಂದ ಆಕಿ ಸಾಲ್ಯಾಗ."

ಸುಮಿತ್ರಾ ಮಗಳನ್ನು ತನ್ನ ಕಡೆಗೆ ಎಳೆದುಕೊಂಡಳು. "ಸರ್, ನಿಮ್ ಚಾಷ್ಟಿಗಿ ನನ್ ಮಗಳೇ ಸಿಕ್ಕಳೇನ್ರಿ?" ಎಂದಳು. ನಾನೂ ಹೆದರಿದ್ದೆ. ಆದರೆ ಹೆದರಿದ್ದು ತೋರಿಸಿದರೆ ಚಾಷ್ಟಿ ಕೆಡುತ್ತದೆ. ಇದೂ ಬರೆದಿಟ್ಟುಕೊಳ್ಳಿ.

ಇನ್ನೊಂದು ಸಂಗತಿ ನನ್ನ ಲೆಕ್ಕದಲ್ಲೇ ಇರಲಿಲ್ಲ. ರುಮಾಲು ಬೇಕಲ್ಲ, ಎಲ್ಲಿಂದ ತರುವುದು? ಎಲ್ಲರ ಕಣ್ಣು ಮಾಳಪ್ಪನ ತಲೆಯ ಮೇಲೆ ಹೋಯಿತು. ನಮ್ಮ ಕಡೆ ಹಿರಿಯ ಮನುಷ್ಯ ನಾಲ್ಕು ಜನರ ನಡುವೆ ತಲೆಯ ರುಮಾಲು ತೆಗೆಯುವುದಿಲ್ಲ. ತೆಗೆದರೆ ಮರ್ಯಾದೆ ಕಾಲಿಗಿಟ್ಟ ಹಾಗೆ. ತೆಗೆ ಎಂದು ಕೇಳುವುದಂತೂ ಬೈಗುಳಕ್ಕಿಂತ ಕೆಟ್ಟದ್ದು. ನಗುತ್ತಿದ್ದ ಜನ ತಣ್ಣಗಾದರು. ಹೇಗೆ ಮಾತು ತಿರುಗಿಸಲಿ ಎಂದು ನಾನು ಕೆಮ್ಮುತ್ತಿರುವಾಗ ಮಾಳಪ್ಪ ಕೋಲನ್ನು ಪಕ್ಕಕ್ಕಿಟ್ಟ. ಎರಡೂ ಕೈಯಿಂದ ರುಮಾಲು ಎತ್ತಿದ. ಅವನ ಬೋಳು ತಲೆಯನ್ನು ಆ ಊರಿನ ಎಷ್ಟೋ ಜನ ಅವತ್ತೇ ಮೊದಲು ನೋಡಿದ್ದು.

"ದೇವರ ಮುಂದ ತೆಗಿತೇನಿ, ಸತ್ತವರ ಮಣ್ಣಿಗಿ ಹೋದಲ್ಲಿ ತೆಗಿತೇನಿ. ಇವತ್ತ ಈಕಿ ಸಲುವಾಗಿ ತೆಗದೇನಿ. ತಗೋರಿ ಮಾಸ್ತರ್" ಎಂದ.

ಅಷ್ಟಾದ ಮೇಲೆ ಗುಂಡಪ್ಪನವರು ಒಲ್ಲೆನೆನ್ನುವ ಹಾಗಿರಲಿಲ್ಲ. ಬೆನ್ನು ತಿರುಗಿಸಿ ನಿಂತರು. ಮಾಳಪ್ಪನಿಗೆ ನಾನು ಕಣ್ಣು ಹೊಡೆದು, ಜಲ್ದಿ ಹೇಳು ಎಂದು ಸನ್ನೆ ಮಾಡಿದೆ. ಮುದುಕ ನನ್ನಪ್ಪನಂಥವನು, ತಕ್ಷಣ ತಿಳಿದುಕೊಂಡ.

"ತುದಿ ಹಲ್ಲಾಗ ಹಿಡೀರಿ. ಬಲಕ್ಕ ಒಯ್ಯಿರಿ, ಹಿಂದ ಮಡಚ್ರಿ, ಎಡಗಿವಿ ಮ್ಯಾಲಿಂದ ತಿರುವ್ರಿ, ಹಂಗಲ್ರಿ, ಹಿಂಗ, ಬಿಗಿ ಹಿಡೀರಿ, ಅದು ಬಿಡ್ರಿ, ಇದು ಎಳೀರಿ..."

ಅರಿವೆ ಕೊರಳಿಗೆ ಸುತ್ತಿತು, ಕನ್ನಡಕಕ್ಕೆ ಸಿಕ್ಕಿತು. ಗುಂಡಪ್ಪನವರು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ತಿರುಗುತ್ತಲೇ ಇದ್ದರು. ನಾನು ಅವರ ಮುಂದೆ ಹೋಗಿ ನಿಂತೆ.

"ನಿಮ್ ಹೆಸರೇನ್ರಿ?"

"ಊಂ... ಊಂ..."

"ನಿಮ್ಮಪ್ಪನ ಹೆಸರೇನು? ಯಾವೂರು? ಹ್ಞಾಂ?" ಎಂದು ಕೇಳಿ ಜನರ ಕಡೆ ಕೈ ಮಾಡಿದೆ. "ಹೇಳಂಗಿಲ್ಲ ನೋಡ್ರಿ. ತನ್ ಹೆಸರ ತನಗ ಗೊತ್ತಿಲ್ಲ. ಇಂಥವರಿಗಿ ಏನ್ ಕಲಿಸ್ಬೇಕ್ರಿ?"

ಬೇವಿನ ಗಿಡದ ಕಾಗೆಗಳು ಹಾರಿಹೋಗುವಂತೆ ಜನ ನಕ್ಕರು. ಗುಂಡಪ್ಪನವರು ಅರಿವೆ ಉಗುಳಿ ಕೂಗಿದರು, "ಗೊತ್ತದರೀ! ಎಲ್ಲಾ ಗೊತ್ತದ! ಬಾಯಾಗ ಅರಿಬಿ ಇಟ್ಕೊಂಡು ಹ್ಯಾಂಗ ಹೇಳ್ಲಿ? ಜರಾ ತಡೀಬಾರ್ದೇನು?"

ಕೂಗಿದ ಮೇಲೆ ಆ ಮಾತು ಅವರ ಕಿವಿಗೇ ಬಿತ್ತೆಂದು ಕಾಣುತ್ತದೆ. ಜಗದೇವಿಯ ಕಡೆ ನೋಡಿದರು. ನಗುತ್ತಿದ್ದವರೂ ಒಬ್ಬೊಬ್ಬರಾಗಿ ಅತ್ತ ತಿರುಗಿದರು.

ಆಗ ನಾನು ಮೆಲ್ಲಗೆ ಹೇಳಿದೆ. "ಆಕಿಗೂ ಗೊತ್ತದ ಮಾಸ್ತರ್. ಆಕಿ ಬಾಯಾಗ ಅರಿಬಿ ಇಲ್ಲ, ನಾಲಿಗಿನೇ ಭಾರ. ತಲ್ಯಾಗಿದ್ದದ್ದು ಬಾಯಿಗಿ ಬರ್ಲಿಕ್ಕ ಹೊತ್ತು ಹಿಡಿತದ. ನೀವು ಎರಡನೇದು ಕೇಳಿದ್ರ ಮದಲಿಂದು ಅಲ್ಲೇ ಉಳಿತದ."

ಚಾರ್ಟು, ಕಾಳು, ತೊಗರಿ ಯಾವುದೂ ಮಾಡದ ಕೆಲಸವನ್ನು ಗುಂಡಪ್ಪನವರ ಹಲ್ಲು ಮಾಡಿತ್ತು.

ಮಾಳಪ್ಪ ಎದ್ದು ಬಂದ. ಈ ಸಲ ಮಾತಿಲ್ಲ. ತನ್ನ ತಲೆಗೇ ನಿಧಾನವಾಗಿ ಸುತ್ತಿ ತೋರಿಸಿದ, ಬಿಚ್ಚಿ ಮತ್ತೆ ತೋರಿಸಿದ, ಆಮೇಲೆ ಮಾಸ್ತರರ ಕೈಗಿಟ್ಟ. ಅವರು ನೋಡಿ ನೋಡಿ ಸುತ್ತಿದರು. ರುಮಾಲು ನಿಂತಿತು. ಹಟ್ಟಿಯ ಚಪ್ಪರದ ಹಾಗೆ ಒಂದು ಕಡೆ ವಾಲಿತ್ತು, ಆದರೆ ನಿಂತಿತು.

ಆ ರುಮಾಲಿನಲ್ಲೇ ಅವರು ಜಗದೇವಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತರು. "ನಿನ್ ಹೆಸರೇನವ್ವಾ?"

ಕೇಳಿ ಸುಮ್ಮನಾದರು. ಅವಳು ಅವರ ಮುಖ ನೋಡಿದಳು. ರುಮಾಲು ನೋಡಿದಳು. ಹಟ್ಟಿಯ ಕಡೆಯಿಂದ ಮರಿಯೊಂದು ಕೂಗಿತು. ಜಿಲ್ಲೆಗೆಲ್ಲ ತಾಳ್ಮೆ ಕಲಿಸಿದ ನನಗೇ ತಡೆಯಲಾಗಲಿಲ್ಲ, ಹೇಳಿಕೊಡಲು ಬಾಯಿ ತೆರೆದೆ.

"ಸುಮ್ಕ ಕೂಡ್ರಿ ಸರ್!" ಎಂದರು ಗುಂಡಪ್ಪನವರು, ನನ್ನ ಕಡೆ ನೋಡದೆ.

ಸುಮಿತ್ರಾ ಸೆರಗಿನ ತುದಿಯನ್ನು ಹೊಸೆಯುತ್ತಿದ್ದಳು. ಕೊನೆಗೆ ಜಗದೇವಿಯ ಬಾಯಿ ತೆರೆಯಿತು.

"ಡೊಂಕ ಅದ."

ಎರಡು ಹೆಜ್ಜೆ ಮುಂದೆ ಬಂದು, ಮಾಸ್ತರರ ತಲೆಯ ಮೇಲೆ ಎರಡೂ ಕೈಯಿಟ್ಟು, ವಾಲಿದ ಕಡೆಯನ್ನು ಮೇಲೆತ್ತಿ ಒತ್ತಿದಳು. ಮುತ್ಯಾ ದಿನಾ ಬೆಳಿಗ್ಗೆ ಕನ್ನಡಿಯ ಮುಂದೆ ಒತ್ತಿಕೊಳ್ಳುವ ಹಾಗೆಯೇ. ಒತ್ತುತ್ತ ಒತ್ತುತ್ತ, ಮರೆತದ್ದು ನೆನಪಾದವಳ ಹಾಗೆ, "ಜಗ... ದೇವಿ" ಎಂದಳು.

ಪಣ ಯಾರು ಗೆದ್ದರೆಂದು ಇವತ್ತಿಗೂ ತೀರ್ಮಾನವಾಗಿಲ್ಲ. ರುಮಾಲು ನಿಂತಿತ್ತು, ನಾನು ಸೋತಿಲ್ಲ ಎಂದು ಗುಂಡಪ್ಪನವರು. ಕೇಳಿ ಬರಲಿಲ್ಲ, ನೋಡಿ ಬಂತು ಎಂದು ನಾನು. ನಮ್ಮ ಜಗಳ ಮುಗಿಯುವ ಮೊದಲೇ ಅವರು ಸುಮಿತ್ರಾಳಿಗೆ, "ನಾಳಿ ಪ್ರಾರ್ಥನಿ ಟೈಮಿಗಿ ಕಳಿಸ್ರಿ. ಮುಂದಿನ ಸಾಲಿನಾಗ ಕೂಡಿಸ್ತೇನಿ, ಕಾಣಬೇಕಲ್ಲ ಆಕಿಗಿ" ಎಂದಿದ್ದರು. ಅವಳು ಮಗಳ ರಿಬ್ಬನ್ ಬಿಚ್ಚಿ ಮತ್ತೆ ಕಟ್ಟಿದಳು. ಮಾಳಪ್ಪ ಮಾತ್ರ, "ಮಾಸ್ತರ್, ನನ್ ರುಮಾಲ" ಎಂದು ಕೈ ಚಾಚಿದ.

ಜಗದೇವಿ ಶಾಲೆಯಲ್ಲಿ ಮೊದಲ ನಂಬರ್ ಬಂದಳು ಎಂದು ಬರೆದರೆ ನೀವು ಖುಷಿಪಡುತ್ತೀರಿ. ಬರಲಿಲ್ಲ. ಲೆಕ್ಕ ಅವಳಿಗೆ ಇವತ್ತಿಗೂ ಸಿಟ್ಟು ತರಿಸುತ್ತದೆ. ಚಿತ್ರದ ಕೆಳಗೆ ಪದ ಬರೆದು ತೋರಿಸಿ ತೋರಿಸಿ ಓದು ಬಂತು. ಬಸ್ಸಿನ ಬೋರ್ಡು ಓದುತ್ತಾಳೆ, ಪಾಟಿಯ ಮೇಲೆ ಮನೆಯವರ ಹೆಸರು ಬರೆಯುತ್ತಾಳೆ. ಗುಂಡಪ್ಪನವರ ನಡಿಗೆಯನ್ನು ಅವರ ಮುಂದೆಯೇ ಮಾಡಿ ತೋರಿಸುತ್ತಿದ್ದಳು. ಈಗ ದೊಡ್ಡವಳಾಗಿದ್ದಾಳೆ. ಊರಿನ ಹೆಂಗಸರ ಸಂಘದಲ್ಲಿ ಜೋಳದ ರೊಟ್ಟಿ ಕಟ್ಟುವ ಕೆಲಸ. ಅವಳು ಜೋಡಿಸಿದ ರೊಟ್ಟಿಯ ಕಟ್ಟಿನಲ್ಲಿ ಒಂದೂ ಮುರಿದಿರುವುದಿಲ್ಲ. ಡೊಂಕಾಗಿಟ್ಟವರನ್ನು ಬಿಡುವುದಿಲ್ಲ.

ಈಗ ಫೋಟೋದ ಕೈ. ಬೀದರಿನಲ್ಲಿ ನನ್ನ ಬೀಳ್ಕೊಡುಗೆ ನಡೆಯಿತು. ಅಂಗಡಿಯಿಂದ ತಂದ ಸಿದ್ಧ ಪೇಟವನ್ನು ತಲೆಗಿಟ್ಟರು. ನೇರವಾಗಿಯೇ ಇಟ್ಟಿದ್ದರು, ಅವರದೇನೂ ತಪ್ಪಿಲ್ಲ. ಸಾಹೇಬರು ಮೈಕಿನಲ್ಲಿ ನನ್ನ ಶಿಸ್ತನ್ನು ಹೊಗಳುತ್ತಿದ್ದರು. ಕೆಳಗೆ ಗುಂಡಪ್ಪನವರ ಪಕ್ಕದಲ್ಲಿ ಸುಮಿತ್ರಾ, ಅವಳ ಪಕ್ಕದಲ್ಲಿ ಜಗದೇವಿ ಕೂತದ್ದು ಕಾಣಿಸಿತು. ಆ ಹುಡುಗಿ ವೇದಿಕೆಗೆ ಬರುವುದು ಯಾರ ಪಟ್ಟಿಯಲ್ಲೂ ಇರಲಿಲ್ಲ. ನಾನು ಮೂಗು ತುರಿಸಿಕೊಳ್ಳುವ ನೆಪದಲ್ಲಿ ಕೈಯೆತ್ತಿ, ಪೇಟವನ್ನು ಎಡಕ್ಕೆ ಚೆನ್ನಾಗಿ ವಾಲಿಸಿ, ಅವಳ ಕಡೆ ನೋಡುತ್ತ ಕೂತೆ.

ಅವಳು ನೋಡಿದಳು. ಮತ್ತೆ ನೋಡಿದಳು. ಎದ್ದಳು. ಮೆಟ್ಟಿಲ ಹತ್ತಿರ ಒಬ್ಬ ತಡೆಯಲು ಹೋದ. ಗುಂಡಪ್ಪನವರು ಕೂತಲ್ಲಿಂದಲೇ, "ಬಿಡೋ, ಆಕಿಗಿ ಕೆಲಸ ಅದ" ಎಂದರು. ಸಾಹೇಬರು ಮಾತು ನಿಲ್ಲಿಸಿದರು. ಅವಳು ಒಂದೊಂದೇ ಮೆಟ್ಟಿಲು ಹತ್ತಿ ನಡೆದು ಬರುವವರೆಗೆ ಇಡೀ ಸಭೆ ಕಾಯಿತು.